ಕರಾವಳಿಯ ಟರ್ಬೊ ಕಾರಿಗೆ ರಿಮ್, ಟೈರ್ ಹೊಂದಿಸುವ ಲೆಕ್ಕ

ಅಂಗಡಿಯ ಗೋಡೆಗೆ ತೂಗುಹಾಕಿದ ರಿಮ್‌ಗೆ ಮನಸೋತು, ಆಮೇಲೆ ಅದಕ್ಕೆ ಕೂರುವ ಟೈರ್ ಹುಡುಕುತ್ತ ಹೋಗುವುದು ಉಲ್ಟಾ ದಾರಿ. ಮೊದಲು ಟೈರ್ ಗೊತ್ತು ಮಾಡಿಕೊಳ್ಳಿ. ಆ ಟೈರಿಗೆ ಎಷ್ಟು ಅಗಲದ ರಿಮ್ ಬೇಕು, ಅದನ್ನು ಗಾಡಿಯೊಳಗೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಆಮೇಲಿನ ಮಾತು. ಬಣ್ಣ, ಕಡ್ಡಿಗಳ ಆಕಾರ ಎಲ್ಲಕ್ಕಿಂತ ಕೊನೆಗೆ.

ಉತ್ತರ ಕನ್ನಡದಲ್ಲಿ ಈ ಕ್ರಮ ಇನ್ನೂ ಮುಖ್ಯ. ಕಾರವಾರದಿಂದ ಭಟ್ಕಳದವರೆಗಿನ ಪಟ್ಟಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ. ದಾಟುವ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಹೆದ್ದಾರಿಯಲ್ಲಿ ಮೀನಿನ ಲಾರಿ ಸೋರಿಸಿಕೊಂಡು ಹೋದ ನೀರು. ಅರಬೈಲು ಘಟ್ಟದ ತಿರುವಿನಲ್ಲಿ ಲೋಡ್ ಗಾಡಿಗಳು ಚೆಲ್ಲಿದ ಡೀಸೆಲ್. ದೇವಿಮನೆ ಇಳಿಯುವಾಗ ಕೆಂಪು ನೀರಿನಡಿ ಅಡಗಿದ ಹೊಂಡ. ಇಲ್ಲಿ ವೇಗದ ಕಾರಿಗೆ ಬೇಕಾಗಿರುವುದು ಒದ್ದೆಯಲ್ಲಿ ಹಿಡಿಯುವ ರಬ್ಬರ್, ಹೊಂಡ ತಡೆಯುವಷ್ಟು ಎತ್ತರದ ಟೈರ್ ಗೋಡೆ, ಉಪ್ಪು ಗಾಳಿಗೆ ಬಾಳುವ ರಿಮ್. ಬೆಂಗಳೂರಿನ ನೈಸ್ ರಸ್ತೆಗೆ ಸರಿಹೋಗುವ 18 ಇಂಚಿನ ಸೆಟ್ ಇಲ್ಲಿ ಒಂದು ಮಳೆಗಾಲ ನಿಲ್ಲುವುದು ಕಷ್ಟ.

ಈಗ ಏನಿದೆ ಎಂದು ಬರೆದಿಟ್ಟುಕೊಳ್ಳಿ

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ, ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ, ಕಂಪನಿ ಒಪ್ಪಿದ ಟೈರ್ ಅಳತೆ ಮತ್ತು ಗಾಳಿಯ ಒತ್ತಡದ ಚೀಟಿ ಇರುತ್ತದೆ. ಅದರ ಫೋಟೊ ತೆಗೆದುಕೊಳ್ಳಿ. ಆಮೇಲೆ ಒಂದು ಗಾಲಿ ಬಿಚ್ಚಿ, ರಿಮ್‌ನ ಹಿಂಬದಿ ಒರೆಸಿ ನೋಡಿ. '6.5ಜೆ×16' ಎಂಬಂಥ ಅಕ್ಷರ, ಪಕ್ಕದಲ್ಲಿ 'ಇಟಿ' ಎಂದು ಎರಡಂಕಿಯ ಸಂಖ್ಯೆ ಎರಕದಲ್ಲೇ ಮೂಡಿರುತ್ತದೆ. ಮೊದಲನೆಯದು ರಿಮ್‌ನ ಅಗಲ ಮತ್ತು ವ್ಯಾಸ, ಇಂಚಿನಲ್ಲಿ. ಇಟಿ ಎಂದರೆ ಆಫ್‌ಸೆಟ್: ರಿಮ್‌ನ ನಡುಗೆರೆಯಿಂದ ಹಬ್‌ಗೆ (ಗಾಲಿಯನ್ನು ಬೋಲ್ಟ್ ಹಾಕಿ ಬಿಗಿಯುವ ಗುಂಬಕ್ಕೆ) ತಾಗುವ ಮುಖ ಎಷ್ಟು ಮಿ.ಮೀ. ಹೊರಗಿದೆ ಅನ್ನುವ ಲೆಕ್ಕ. ಇಟಿ ಸಂಖ್ಯೆ ಇಳಿದಷ್ಟೂ ಗಾಲಿ ಹೊರಗೆ ಬರುತ್ತದೆ, ಏರಿದಷ್ಟೂ ಒಳಗೆ ಹೋಗುತ್ತದೆ.

ಇನ್ನೆರಡು ಸಂಖ್ಯೆ ಬೇಕು. ಬೋಲ್ಟ್‌ಗಳು ಕೂತಿರುವ ವೃತ್ತದ ಅಳತೆ, ಅಂದರೆ ಪಿಸಿಡಿ. ಮತ್ತು ನಡುವಿನ ತೂತಿನ ವ್ಯಾಸ, ಅಂದರೆ ಸೆಂಟರ್ ಬೋರ್. ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, ಸ್ಕೋಡಾ ಸ್ಲಾವಿಯಾ 1.5, ಹಳೆಯ ಪೋಲೊ ಜಿಟಿ, ಈ ಮೂರಕ್ಕೂ 5×100 (ಐದು ಬೋಲ್ಟ್, 100 ಮಿ.ಮೀ. ವೃತ್ತ) ಮತ್ತು 57.1 ಮಿ.ಮೀ. ಆಕ್ಟೇವಿಯಾ ಆರ್‌ಎಸ್‌ಗೆ ಬೋರ್ ಅದೇ 57.1, ಆದರೆ ಪಿಸಿಡಿ 5×112. ಹುಂಡೈ ಐ20 ಎನ್ ಲೈನ್‌ಗೆ 4×100 ಮತ್ತು 54.1. ಪಿಸಿಡಿಯಲ್ಲಿ 'ಹತ್ತಿರ ಹತ್ತಿರ' ಎಂಬುದಿಲ್ಲ. 4×98ರ ರಿಮ್ ಅನ್ನು 4×100ರ ಹಬ್‌ಗೆ ಎಳೆದು ಕೂರಿಸಿದರೆ ಬೋಲ್ಟ್ ಓರೆಯಾಗಿ ಬಿಗಿಯುತ್ತದೆ, ಒಂದು ದಿನ ಕತ್ತರಿಸಿಕೊಳ್ಳುತ್ತದೆ.

ವ್ಯಾಸದ ಲೆಕ್ಕ

205/55 ಆರ್16 ಎಂದರೆ ಟೈರ್ ಅಗಲ 205 ಮಿ.ಮೀ., ಅದರ ಗೋಡೆಯ ಎತ್ತರ ಆ ಅಗಲದ ಶೇ. 55, ರಿಮ್ 16 ಇಂಚು. ಗೋಡೆ 112.75 ಮಿ.ಮೀ. ಆಯಿತು. ಎರಡೂ ಕಡೆ ಸೇರಿ 225.5, ಅದಕ್ಕೆ 16 ಇಂಚಿನ 406.4 ಕೂಡಿಸಿದರೆ ಒಟ್ಟು ವ್ಯಾಸ 631.9 ಮಿ.ಮೀ. ವರ್ಟಸ್ ಜಿಟಿ ಮತ್ತು ಸ್ಲಾವಿಯಾ 1.5 ಕಂಪನಿಯಿಂದ ಬರುವುದು ಈ ಅಳತೆಯಲ್ಲೇ.

ಅದರ ಬದಲಿಗೆ 225/45 ಆರ್17 ಹಾಕಿದರೆ ವ್ಯಾಸ 634.3, ಅಂದರೆ ಶೇ. 0.4 ಮಾತ್ರ ಹೆಚ್ಚು. 205/50 ಆರ್17ಕ್ಕೆ 636.8. 215/45 ಆರ್17ಕ್ಕೆ 625.3, ಮೂಲಕ್ಕಿಂತ ಶೇ. 1 ಕಡಿಮೆ. 225/40 ಆರ್18ಕ್ಕೆ 637.2. ಅಂಗಡಿಯವರು ಸಲೀಸಾಗಿ ಕೊಡಲು ಬರುವ 215/50 ಆರ್17 ಮಾತ್ರ 646.8ಕ್ಕೆ ಏರುತ್ತದೆ, ಶೇ. 2.4 ಹೆಚ್ಚು. ಅದು ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ ಉಜ್ಜುವ ಸಾಧ್ಯತೆ ಜಾಸ್ತಿ, ಗೇರ್ ಕೂಡ ಅಷ್ಟರಮಟ್ಟಿಗೆ ಉದ್ದವಾಗಿ ಘಟ್ಟ ಹತ್ತುವಾಗ ಎಳೆತ ತಗ್ಗುತ್ತದೆ. ಮೂಲ ವ್ಯಾಸದಿಂದ ಮೇಲಕ್ಕಾಗಲಿ ಕೆಳಕ್ಕಾಗಲಿ ಶೇ. 2 ಮೀರಬೇಡಿ. ವೇಗಮಾಪಕ, ಬ್ರೇಕ್ ಒತ್ತಿದಾಗ ಗಾಲಿ ಜಾಮ್ ಆಗದಂತೆ ನೋಡುವ ಎಬಿಎಸ್, ಗಾಡಿ ಜಾರದಂತೆ ಹಿಡಿಯುವ ಇಎಸ್‌ಸಿ ಎಲ್ಲವೂ ಗಾಲಿ ಎಷ್ಟು ಸುತ್ತಿತು ಎಂಬುದನ್ನೇ ನಂಬಿ ಕೆಲಸ ಮಾಡುತ್ತವೆ.

ಐ20 ಎನ್ ಲೈನ್‌ನ 195/55 ಆರ್16ಕ್ಕೆ ವ್ಯಾಸ 620.9. ಅದೇ ರಿಮ್ ಇಟ್ಟುಕೊಂಡು 205/55 ಆರ್16 ಹಾಕಿದರೆ ಶೇ. 1.8 ಹೆಚ್ಚು, ಮಿತಿಯೊಳಗಿದೆ, ಹೊಂಡಕ್ಕೂ ಒಳ್ಳೆಯದು, ಎಲ್ಲ ಕಂಪನಿಯೂ ಮಾಡುವ ಅಳತೆ. ಆದರೆ ಸ್ಟ್ರಟ್ (ಗಾಲಿಯ ಒಳಬದಿಯ ಸಸ್ಪೆನ್ಷನ್ ಕಂಬ) ಹತ್ತಿರದ ಜಾಗ ಅಳೆದ ಮೇಲೆಯೇ ದುಡ್ಡು ಕೊಡಿ.

ಈಗ ಗೋಡೆಯ ಎತ್ತರ ನೋಡಿ. 205/55 ಆರ್16ಕ್ಕೆ ಸುಮಾರು 113 ಮಿ.ಮೀ., 225/45 ಆರ್17ಕ್ಕೆ 101, 225/40 ಆರ್18ಕ್ಕೆ 90. ಹೊಂಡದ ಅಂಚಿಗೆ ಬಡಿದಾಗ ಈ ಗೋಡೆ ರಿಮ್‌ಗೂ ಕಲ್ಲಿಗೂ ನಡುವೆ ಸಿಕ್ಕಿ ಅಪ್ಪಚ್ಚಿಯಾಗುತ್ತದೆ. ಒಳಗಿನ ನೂಲು ಹರಿಯುತ್ತದೆ, ಮಾರನೆ ದಿನ ಟೈರ್ ಪಕ್ಕದಲ್ಲಿ ಬುಗುಟು ಎದ್ದಿರುತ್ತದೆ. ಬುಗುಟು ಬಂದ ಟೈರಿಗೆ ರಿಪೇರಿ ಇಲ್ಲ, ಬದಲಾಯಿಸಬೇಕು. ನಮ್ಮ ಜಿಲ್ಲೆಯ ರಸ್ತೆಗೆ 100 ಮಿ.ಮೀ. ಗೋಡೆ ಕನಿಷ್ಠ ಎಂದಿಟ್ಟುಕೊಳ್ಳಿ. ಅಂದರೆ ವರ್ಟಸ್, ಸ್ಲಾವಿಯಾಕ್ಕೆ 17 ಇಂಚು ಕೊನೆಯ ಮಿತಿ. ದಿನಾ ಶಿರಸಿ–ಕುಮಟಾ ಓಡಾಡುವವರು 16ರಲ್ಲೇ ಉಳಿದು, ಉಳಿದ ದುಡ್ಡನ್ನು ಒಳ್ಳೆಯ ಟೈರಿಗೆ ಹಾಕುವುದೇ ಸರಿ. ಕಾರು ಹಿಡಿತದಲ್ಲಿ ಸುಧಾರಿಸುವುದು ಬಹುಪಾಲು ರಬ್ಬರ್‌ನಿಂದ. ರಿಮ್ ದೊಡ್ಡದಾದ್ದರಿಂದ ಅಲ್ಲ.

ಅಳತೆ ಗೊತ್ತುಮಾಡುವಾಗ ಅದು ಇಲ್ಲಿ ಸಿಗುತ್ತದೆಯೇ ಎಂದೂ ವಿಚಾರಿಸಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಕಾರಿನ ಹೊಸ ಟೈರ್‌ಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಅಪರೂಪದ ಅಳತೆಗಳು ಸಿಗುವುದು ಕಷ್ಟವಾಗಿದೆ. ಹೊನ್ನಾವರದ ಹತ್ತಿರ ಒಂದು ಟೈರ್ ಹರಿದರೆ ಅದೇ ಮಾದರಿಯದು ಹುಬ್ಬಳ್ಳಿಯಲ್ಲೋ ಮಡಗಾಂವ್‌ನಲ್ಲೋ ಎರಡು ದಿನದೊಳಗೆ ಸಿಗುವಂತಿರಬೇಕು. 205/55 ಆರ್16, 225/45 ಆರ್17 ಈ ವಿಷಯದಲ್ಲಿ ಸುರಕ್ಷಿತ.

ಮಳೆಗೆ ಯಾವ ಟೈರ್

ಅಗಲ ಹೆಚ್ಚಿದಷ್ಟೂ ಒಣ ರಸ್ತೆಯಲ್ಲಿ ಹಿಡಿತ ಹೆಚ್ಚು, ನಿಂತ ನೀರಿನಲ್ಲಿ ತೇಲುವುದೂ ಬೇಗ. ಅಗಲ ಟೈರ್ ತನ್ನ ಮುಂದಿನ ನೀರನ್ನೆಲ್ಲ ಪಕ್ಕಕ್ಕೆ ತಳ್ಳಬೇಕು, ಅದಕ್ಕೆ ಸಮಯ ಸಾಲದು. ವಿಮಾನದ ಟೈರ್‌ಗಳ ಮೇಲೆ ನಾಸಾ ನಡೆಸಿದ ಪರೀಕ್ಷೆಗಳಿಂದ ಬಂದ ಒಂದು ಸರಳ ಸೂತ್ರವಿದೆ: ಪಿಎಸ್‌ಐ ಲೆಕ್ಕದ ಒತ್ತಡದ ವರ್ಗಮೂಲವನ್ನು 16.7ರಿಂದ ಗುಣಿಸಿದರೆ, ಸವೆದ ಟೈರ್ ಆಳ ನೀರಿನಲ್ಲಿ ತೇಲತೊಡಗುವ ವೇಗ ಸುಮಾರಾಗಿ ಕಿ.ಮೀ.ನಲ್ಲಿ ಸಿಗುತ್ತದೆ. 32 ಪಿಎಸ್‌ಐಗೆ 94 ಕಿ.ಮೀ., 26ಕ್ಕೆ 85. ಗಾಳಿ ಇಳಿಸಿದರೆ ಹಿಡಿತ ಜಾಸ್ತಿ ಎಂಬ ಮಾತನ್ನು ಮಳೆಗಾಲದಲ್ಲಿ ಕಿವಿಗೆ ಹಾಕಿಕೊಳ್ಳಬೇಡಿ.

ಹಾಗಾಗಿ ಮೂಲಕ್ಕಿಂತ 20 ಮಿ.ಮೀ. ಮೀರಿ ಅಗಲ ಮಾಡಬೇಡಿ. ಟೈರ್ ಆರಿಸುವಾಗ ಉದ್ದಕ್ಕೆ ಮೂರೋ ನಾಲ್ಕೋ ಆಳವಾದ ಕಾಲುವೆ ಇರುವ, ಒದ್ದೆಯ ಹಿಡಿತಕ್ಕೆ ಹೆಸರಾದ ಮಾದರಿ ನೋಡಿ. ಯುರೋಪಿನ ಲೇಬಲ್ ಇದ್ದರೆ ಮೋಡ ಮತ್ತು ಮಳೆಹನಿಯ ಚಿಹ್ನೆಯ ಪಕ್ಕ 'ಎ' ಅಥವಾ 'ಬಿ' ದರ್ಜೆ ಇರಲಿ. 17 ಇಂಚಿಗೆ ಮಿಶೆಲಿನ್ ಪೈಲಟ್ ಸ್ಪೋರ್ಟ್ 4ರಂಥದ್ದು ಘಟ್ಟದ ವೇಗಕ್ಕೂ ಮಳೆಗೂ ಹೊಂದುತ್ತದೆ. 16 ಇಂಚಿಗೆ ಅದೇ ಕಂಪನಿಯ ಪ್ರೈಮಸಿ 4, ಕಾಂಟಿನೆಂಟಲ್‌ನ ಅಲ್ಟ್ರಾಕಾಂಟ್ಯಾಕ್ಟ್ ಸರಣಿ ಸಮಾಧಾನದ ಆಯ್ಕೆ. ಟೈರ್ ಗೋಡೆಯ ಮೇಲೆ ಟ್ರೆಡ್‌ವೇರ್ (ಸವೆತದ ಅಂಕ) 200 ಎಂದಿರುವ, ಕಾಲುವೆಯೇ ಕಾಣದ ರೇಸ್ ಬಗೆಯ ಟೈರ್ ಇಲ್ಲಿ ವರ್ಷದಲ್ಲಿ ನಾಲ್ಕು ತಿಂಗಳು ಅಪಾಯ.

ಕಾನೂನು ಕೇಳುವ ಕನಿಷ್ಠ ಕಾಲುವೆ ಆಳ 1.6 ಮಿ.ಮೀ. ಅದನ್ನು ನಂಬಿ ಮಳೆಗಾಲಕ್ಕೆ ಇಳಿಯಬೇಡಿ. ಮೇ ಕೊನೆಗೆ ಅಳೆದು 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಬದಲಾಯಿಸಿ. ಎರಡೇ ಹೊಸ ಟೈರ್ ತಂದರೆ ಹಿಂದಿನ ಗಾಲಿಗೆ ಹಾಕಿ. ಮುಂದಿನ ಗಾಲಿ ಎಳೆಯುವ ಕಾರಾದರೂ ಸರಿಯೇ. ಮುಂದೆ ಜಾರಿದರೆ ಸ್ಟೇರಿಂಗ್ ಹಗುರಾಗಿ ಮುನ್ಸೂಚನೆ ಸಿಗುತ್ತದೆ, ಕಾಲು ತೆಗೆದರೆ ಗಾಡಿ ಹತೋಟಿಗೆ ಬರುತ್ತದೆ. ಇಳಿಜಾರಿನ ತಿರುವಿನಲ್ಲಿ ಹಿಂಬದಿ ಜಾರಿದರೆ ಗಾಡಿ ಸುತ್ತಿ ಧರೆಗೋ ಕಣಿವೆಗೋ ಮುಖ ಮಾಡುತ್ತದೆ.

ಭಾರದ ಸಂಖ್ಯೆ

ಅಳತೆಯ ಕೊನೆಗೆ '91 ವಿ' ಎಂಬಂತೆ ಬರೆದಿರುತ್ತದೆ. 91 ಎಂದರೆ ಒಂದು ಟೈರ್ 615 ಕೆ.ಜಿ. ಹೊರಬಲ್ಲದು, ವಿ ಎಂದರೆ 240 ಕಿ.ಮೀ. ವೇಗದ ದರ್ಜೆ. ಹೊಸ ಟೈರ್‌ನ ಭಾರದ ಸಂಖ್ಯೆ ಮೂಲಕ್ಕಿಂತ ಇಳಿಯಲೇಬಾರದು. ಇಲ್ಲಿ ಸುಮಾರು ಜನ ಎಡವುತ್ತಾರೆ: 215/45 ಆರ್17 ಮಾಮೂಲಿ ಟೈರ್ 87ರದ್ದು, ಅಂದರೆ 545 ಕೆ.ಜಿ. ಒಂದೊಂದು ಗಾಲಿಗೆ 70 ಕೆ.ಜಿ. ಕೊರತೆ. ಅದೇ ಅಳತೆಯಲ್ಲಿ 91 ಎಕ್ಸ್‌ಎಲ್, ಅಂದರೆ ಹೆಚ್ಚು ಭಾರ ಹೊರುವಂತೆ ಮಾಡಿದ ಟೈರ್, ಕೇಳಬೇಕು.

ಎಕ್ಸ್‌ಎಲ್ ಟೈರಿನ ಇನ್ನೊಂದು ಸಂಗತಿ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಅದು ತನ್ನ ಪೂರ್ತಿ ಭಾರ ಹೊರುವುದು 42 ಪಿಎಸ್‌ಐನಲ್ಲಿ. ಮಾಮೂಲಿ ಟೈರ್ ಹೊರುವುದು 36ರಲ್ಲಿ. ಆದ್ದರಿಂದ ಹಳೆಯ ಚೀಟಿಯ ಒತ್ತಡವನ್ನೇ ಹಾಕಿದರೆ ಕಡಿಮೆಯಾಗುತ್ತದೆ. ಮೂಲ 91ರ ಟೈರಿಗೆ 33 ಪಿಎಸ್‌ಐ ಎಂದಿದ್ದರೆ, ಅಷ್ಟೇ ಭಾರಕ್ಕೆ 225/45 ಆರ್17 94 ಎಕ್ಸ್‌ಎಲ್‌ಗೆ 35 ಬೇಕು. 225/40 ಆರ್18 92 ಎಕ್ಸ್‌ಎಲ್‌ಗೆ 37ರಿಂದ 38. 215/45 ಆರ್17 91 ಎಕ್ಸ್‌ಎಲ್‌ಗೆ 38ರಿಂದ 39. ಹೊಂಡದಲ್ಲಿ ರಿಮ್ ಬೆಂಡಾಯಿತು, ಟೈರ್ ಕಂಪನಿ ಸರಿಯಿಲ್ಲ ಎಂಬ ದೂರುಗಳ ಹಿಂದೆ ಎಷ್ಟೋ ಸಲ ಈ ನಾಲ್ಕೈದು ಪಿಎಸ್‌ಐ ಕೊರತೆಯೇ ಇರುತ್ತದೆ. ಒತ್ತಡವನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲು ನೋಡಿ.

ಗೋಡೆಯ ಮೇಲೆ ಐಎಸ್‌ಐ ಗುರುತು ಇದೆಯೇ, ತಯಾರಿಕೆಯ ಸಂಕೇತದ ಕೊನೆಯ ನಾಲ್ಕಂಕಿ ಎಷ್ಟು ಎಂದೂ ಓದಿ. 1424 ಎಂದಿದ್ದರೆ 2024ರ 14ನೇ ವಾರದ ಟೈರ್. ವರ್ಷ ದಾಟಿ ಗೋದಾಮಿನಲ್ಲಿ ಕೂತಿದ್ದನ್ನು ಹೊಸ ಬೆಲೆಗೆ ಕೊಳ್ಳಬೇಡಿ.

ರಿಮ್ ಅಗಲ ಮತ್ತು ಆಫ್‌ಸೆಟ್

ಪ್ರತಿ ಟೈರಿಗೂ ಒಪ್ಪುವ ರಿಮ್ ಅಗಲದ ಪಟ್ಟಿ ತಯಾರಕರ ಬಳಿ ಇದೆ. 205/55 ಆರ್16ಕ್ಕೆ 5.5ರಿಂದ 7.5 ಇಂಚು. 225/45 ಆರ್17ಕ್ಕೆ 7ರಿಂದ 8.5, ತಯಾರಕರು ಟೈರಿನ ಅಗಲ ಅಳೆಯಲು ಬಳಸುವ ರಿಮ್ 7.5. 225/40 ಆರ್18ಕ್ಕೆ 7.5ರಿಂದ 9. ಪಟ್ಟಿಯ ನಡುವಿನ ಅಗಲ ಆರಿಸಿ. ಟೈರನ್ನು ಅಗಲ ರಿಮ್‌ಗೆ ಎಳೆದು ಕೂರಿಸಿದರೆ ಟೈರಿನ ಉಬ್ಬು ಒಳಗೆ ಸರಿದು ರಿಮ್‌ನ ತುಟಿ ಬಯಲಾಗುತ್ತದೆ. ಚಿರೆಕಲ್ಲು ಕಟ್ಟಿದ ಓಣಿಯಲ್ಲಿ ಎದುರಿನ ಗಾಡಿಗೆ ಜಾಗ ಬಿಡುವಾಗ ಮೊದಲ ಪೆಟ್ಟು ಆ ತುಟಿಗೇ.

ಆಫ್‌ಸೆಟ್ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ, ಮುಂದೆ ಯಾರನ್ನೂ ಕೇಳಬೇಕಾಗಿಲ್ಲ. ಗಾಡಿಯಲ್ಲಿರುವುದು 6.5ಜೆ, ಇಟಿ 40 ಎಂದುಕೊಳ್ಳಿ. ತರಬೇಕೆಂದಿರುವುದು 7.5ಜೆ, ಇಟಿ 38. ಆರೂವರೆ ಇಂಚಿನ ಅರ್ಧ 82.55 ಮಿ.ಮೀ. ಅದರಿಂದ 40 ಕಳೆದರೆ ಹಬ್‌ನ ಮುಖದಿಂದ ಹೊರಕ್ಕೆ 42.55, ಅದಕ್ಕೆ 40 ಕೂಡಿಸಿದರೆ ಒಳಕ್ಕೆ 122.55. ಏಳೂವರೆ ಇಂಚಿನ ಅರ್ಧ 95.25. ಹೊರಕ್ಕೆ 57.25, ಒಳಕ್ಕೆ 133.25. ಅಂದರೆ ಹೊಸ ರಿಮ್ ಹೊರಕ್ಕೆ 14.7, ಒಳಕ್ಕೆ 10.7 ಮಿ.ಮೀ. ಚಾಚುತ್ತದೆ. ಇದು ರಿಮ್‌ನ ಅಂಚಿನ ಲೆಕ್ಕ. ಉಜ್ಜುವುದು ಟೈರಿನ ಉಬ್ಬು ಆದ್ದರಿಂದ ಅದನ್ನೂ ನೋಡಬೇಕು: 205 ಇದ್ದದ್ದು 225 ಆದರೆ ಎರಡೂ ಕಡೆ ಹತ್ತತ್ತು ಮಿ.ಮೀ. ಹೆಚ್ಚು, ಇಟಿ ಎರಡು ಇಳಿದದ್ದರಿಂದ ಹೊರಕ್ಕೆ 12, ಒಳಕ್ಕೆ 8.

ಈ ಎರಡು ಅಂಕಿಗಳನ್ನು ಹಿಡಿದು ಗಾಡಿಯ ಹತ್ತಿರ ಬನ್ನಿ. ಮುಂದಿನ ಗಾಲಿಯ ಒಳಬದಿಯಲ್ಲಿ ಟೈರಿಗೂ ಸ್ಟ್ರಟ್‌ಗೂ ನಡುವೆ ಎಷ್ಟು ಸಂದು ಇದೆ? 8 ಹೋದ ಮೇಲೆ ಕನಿಷ್ಠ 5 ಮಿ.ಮೀ. ಉಳಿಯಬೇಕು. ಟೇಪ್ ಒಳಗೆ ಹೋಗದಿದ್ದರೆ ಗಣಪತಿ ಮಾಡುವ ಜೇಡಿಮಣ್ಣಿನ ಉಂಡೆಯೊಂದನ್ನು ಆ ಸಂದಿಗೆ ಒತ್ತಿ. ಎರಡೂ ಬದಿ ತಾಗಿ ಚಪ್ಪಟೆಯಾದದ್ದನ್ನು ಮೆಲ್ಲಗೆ ಹೊರತೆಗೆದು ಸ್ಕೇಲಿನಿಂದ ಅಳೆಯಿರಿ. ಬೆರಳಿನ ಅಂದಾಜಿಗಿಂತ ಇದು ಸಾವಿರ ಪಾಲು ನಂಬಿಕಸ್ಥ. ಹೊರಬದಿಗೆ ಮಡ್‌ಗಾರ್ಡ್ ಅಂಚಿನಿಂದ ದಾರಕ್ಕೆ ನಟ್ ಕಟ್ಟಿ ತೂಗುಬಿಡಿ. ಟೈರಿನ ಉಬ್ಬು ಆ ದಾರಕ್ಕಿಂತ ಎಷ್ಟು ಒಳಗಿದೆ ಎಂದು ಗೊತ್ತಾಗುತ್ತದೆ. ಹೊಸ ಗಾಲಿ ದಾರ ದಾಟಬಾರದು. ದಾಟಿದರೆ ಹಿಂದೆ ಮೂವರು ಕೂತಾಗ ಅಂಚು ಟೈರನ್ನು ಕೊಯ್ಯುತ್ತದೆ. ಜೊತೆಗೆ ಮಳೆಗಾಲದ ರಾಡಿಯೆಲ್ಲ ಬಾಗಿಲಿಗೆ ಎರಚುತ್ತದೆ.

ಇಟಿಯನ್ನು ಮೂಲಕ್ಕಿಂತ 5 ಮಿ.ಮೀ.ಗಿಂತ ಹೆಚ್ಚು ಅಲುಗಿಸದಿರುವುದು ಕ್ಷೇಮ. ಗಾಲಿಯ ನಡುಗೆರೆ ಹೊರಗೆ ಸರಿದಂತೆ ಬೇರಿಂಗ್ ಮೇಲೆ ಹೊರೆ ಏರುತ್ತದೆ. ಟರ್ಬೊ ಎಳೆದಾಗ ಸ್ಟೇರಿಂಗ್ ಪಕ್ಕಕ್ಕೆ ಜಗ್ಗುತ್ತದೆ. ಒಂದು ಗಾಲಿ ಮಾತ್ರ ನೀರಿಗೆ ಬಿದ್ದಾಗ ಗಾಡಿ ಕೈಯಿಂದ ಕಿತ್ತುಕೊಂಡು ಹೋದ ಹಾಗಾಗುತ್ತದೆ. ಹೆದ್ದಾರಿಯ ಡಿವೈಡರ್ ಪಕ್ಕದಲ್ಲಿ ನೀರು ನಿಲ್ಲುವ ದಿನಗಳಲ್ಲಿ ಇದು ಸಣ್ಣ ವಿಷಯವಲ್ಲ.

ಬ್ರೇಕ್ ಕ್ಯಾಲಿಪರ್‌ಗೂ ರಿಮ್‌ಗೂ ನಡುವೆ 3 ಮಿ.ಮೀ. ಇರಲಿ. ಬ್ರೇಕ್ ದೊಡ್ಡದು ಮಾಡಿಸಿದ ಗಾಡಿಗಳಲ್ಲಿ ವ್ಯಾಸ ಸರಿಯಿದ್ದರೂ ಕಡ್ಡಿಯ ಬೆನ್ನು ತಾಗುವುದುಂಟು. ಟೈರ್ ಏರಿಸುವ ಮೊದಲು ಬರಿ ರಿಮ್ ಹಾಕಿ ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ. ಟೈರ್ ಏರಿಸಿದ ರಿಮ್ ಅನ್ನು ಯಾವ ಅಂಗಡಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಬೋಲ್ಟ್, ಹಬ್, ರಿಂಗ್

ಜೀವಕ್ಕೆ ಕುತ್ತಾಗುವ ತಪ್ಪುಗಳು ಇರುವುದು ಇಲ್ಲಿ.

ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾದ ಮೂಲ ಬೋಲ್ಟ್ ಎಂ14×1.5, ಅಂದರೆ 14 ಮಿ.ಮೀ. ದಪ್ಪ, ಹಲ್ಲಿನಿಂದ ಹಲ್ಲಿಗೆ 1.5 ಮಿ.ಮೀ. ಅದರ ತಲೆಯ ಕೆಳಗಿನ ಭಾಗ ಗೋಲಿಯಂತೆ ದುಂಡಗಿದೆ. ಹೊರಗಡೆ ಕೊಳ್ಳುವ ಅಲಾಯ್ ರಿಮ್‌ಗಳಲ್ಲಿ ಹೆಚ್ಚಿನವಕ್ಕೆ ಬೋಲ್ಟ್ ಕೂರುವ ಗುಳಿ 60 ಡಿಗ್ರಿಯ ಲಾಳಿಕೆಯ ಆಕಾರದ್ದು. ದುಂಡು ಬೋಲ್ಟನ್ನು ಲಾಳಿಕೆಯಲ್ಲಿ ಬಿಗಿದರೆ ಒಂದು ತೆಳುಗೆರೆಯಷ್ಟೇ ತಾಗುತ್ತದೆ. ಪಾನಾ ಬಿಗಿ ತೋರಿಸುತ್ತದೆ, ಟಾರ್ಕ್ ಸರಿಯೇ ಬರುತ್ತದೆ. ನೂರಿನ್ನೂರು ಕಿ.ಮೀ. ಓಡುವಷ್ಟರಲ್ಲಿ ಆ ಗೆರೆಯ ಅಲ್ಯೂಮಿನಿಯಂ ನಲುಗಿ ಬೋಲ್ಟ್ ಸಡಿಲವಾಗುತ್ತದೆ. ಪರೀಕ್ಷೆ ಸುಲಭ: ಗುಳಿಗೆ ಮಾರ್ಕರ್ ಶಾಯಿ ಬಳಿದು ಬೋಲ್ಟನ್ನು ಕೈಯಲ್ಲಿ ಬಿಗಿದು ಬಿಚ್ಚಿ. ಶಾಯಿ ಅಗಲದ ಪಟ್ಟಿಯಾಗಿ ಅಳಿಸಿದ್ದರೆ ಕೂತಿದೆ. ಕೂದಲೆಳೆಯ ಉಂಗುರದಂತೆ ಅಳಿಸಿದ್ದರೆ ತಪ್ಪು ಬೋಲ್ಟ್.

ಹುಂಡೈಗೆ ಎಂ12×1.5 ನಟ್, ಮಾರುತಿಗೆ ಎಂ12×1.25. ಕಣ್ಣಿಗೆ ಒಂದೇ ಥರ. ಹಾಗಾಗಿ ನಟ್ ಮೊದಲ ಐದಾರು ಸುತ್ತು ಬರಿಗೈಯಲ್ಲಿ ತಿರುಗಬೇಕು. ಎರಡನೇ ಸುತ್ತಿಗೇ ಹಿಡಿದುಕೊಂಡರೆ ನಿಲ್ಲಿಸಿ. ಏರ್ ಗನ್ ಇಟ್ಟರೆ ಅದು ಹಲ್ಲನ್ನೇ ಕತ್ತರಿಸಿಕೊಂಡು ಹೋಗುತ್ತದೆ, ಏನೂ ಗೊತ್ತಾಗುವುದಿಲ್ಲ.

ಬೋಲ್ಟ್ ಒಳಹೋಗುವ ಉದ್ದ ಅದರ ದಪ್ಪದಷ್ಟಾದರೂ ಇರಬೇಕು. 14 ಮಿ.ಮೀ. ಬೋಲ್ಟ್ 1.5ರ ಹಲ್ಲಿನಲ್ಲಿ ಒಂಬತ್ತು ಸುತ್ತು ದಾಟಬೇಕು. 12ರ ನಟ್ 1.5ಕ್ಕೆ ಎಂಟು, 1.25ಕ್ಕೆ ಒಂಬತ್ತೂವರೆ. 5 ಮಿ.ಮೀ. ಸ್ಪೇಸರ್ (ಹಬ್‌ಗೂ ರಿಮ್‌ಗೂ ನಡುವೆ ಇಡುವ ಬಿಲ್ಲೆ) ಹಾಕಿದರೆ ಬೋಲ್ಟ್ ಕೂಡ 5 ಉದ್ದದ್ದು ಬೇಕು. ಸ್ಪೇಸರ್ ಬೇಕಾಗುವ ಆಫ್‌ಸೆಟ್ ತರದಿರುವುದೇ ಒಳ್ಳೆಯ ದಾರಿ.

ಹೊರಗಿನ ರಿಮ್‌ನ ನಡುತೂತು ಸಾಮಾನ್ಯವಾಗಿ ದೊಡ್ಡದು, 73.1ರಂತೆ. ಹಬ್ 57.1. ನಡುವಿನ ಸಂದನ್ನು ತುಂಬಲು ರಿಂಗ್ ಬೇಕು, ಇಲ್ಲವಾದರೆ ಗಾಲಿ ನಡುವಿನಿಂದ ಕೂದಲಷ್ಟು ಸರಿದು ಕೂತು 90–100ರ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದರೂ ಅದು ಹೋಗುವುದಿಲ್ಲ. ರಿಂಗ್ ಅಲ್ಯೂಮಿನಿಯಂನದೋ ಪ್ಲಾಸ್ಟಿಕ್‌ನದೋ? ಒಳನಾಡಿನಲ್ಲಿ ಅಲ್ಯೂಮಿನಿಯಂ ಎನ್ನಬಹುದಿತ್ತು. ಸಮುದ್ರದ ಬದಿಗೆ ಕಬ್ಬಿಣದ ಹಬ್‌ಗೆ ಅಲ್ಯೂಮಿನಿಯಂ ರಿಂಗ್ ಉಪ್ಪಿನ ತೇವದಲ್ಲಿ ಬೆಸೆದುಕೊಂಡು ವರ್ಷದೊಳಗೆ ಗಾಲಿಯೇ ಬಿಡದಂತಾಗುತ್ತದೆ. ರಸ್ತೆಯ ಓಡಾಟಕ್ಕೆ ಗಟ್ಟಿ ಪಾಲಿಕಾರ್ಬೊನೇಟ್ ರಿಂಗ್ ಸಾಕು. ಉದ್ದ ಘಟ್ಟ ಇಳಿಯುವಾಗ ಬ್ರೇಕನ್ನೇ ಒತ್ತಿಕೊಂಡಿದ್ದರೆ ಹಬ್ ಕಾದು ಅದು ಮೆತ್ತಗಾದೀತು. ಗೇರ್ ಇಳಿಸಿಕೊಂಡು ಬನ್ನಿ.

ಹಾಕುವ ಮೊದಲು ಹಬ್‌ನ ಮುಖವನ್ನು ತಂತಿ ಬ್ರಷ್‌ನಿಂದ ಬರಿ ಲೋಹ ಕಾಣುವವರೆಗೆ ಉಜ್ಜಿ. ಕಾರವಾರದ ಗಾಡಿಗಳಲ್ಲಿ ಇಲ್ಲಿ ಹೊಪ್ಪಳೆ ಹೊಪ್ಪಳೆಯಾಗಿ ತುಕ್ಕು ಇರುತ್ತದೆ. ಅದರ ಮೇಲೆ ರಿಮ್ ಕೂರಿಸಿದರೆ ಗಾಲಿ ಓರೆಯಾಗುತ್ತದೆ, ಆಮೇಲೆ ತುಕ್ಕು ಪುಡಿಯಾಗಿ ಬೋಲ್ಟ್ ಸಡಿಲಾಗುತ್ತದೆ. ಹಬ್‌ನ ನಡುವಿನ ದಂಡೆಗೆ ಮಾತ್ರ ಸೆರಾಮಿಕ್ ಗ್ರೀಸ್ ತೆಳುವಾಗಿ ಸವರಿ. ತಾಮ್ರದ ಪುಡಿ ಇರುವ ಗ್ರೀಸ್ ಬೇಡ, ಅದು ಉಪ್ಪಿನೊಡನೆ ಸೇರಿ ಅಲ್ಯೂಮಿನಿಯಂ ತಿನ್ನುತ್ತದೆ. ಬೋಲ್ಟ್‌ನ ಹಲ್ಲಿಗೂ ಗುಳಿಗೂ ಗ್ರೀಸ್, ಎಣ್ಣೆ ಏನೂ ತಾಗಿಸಬೇಡಿ. ಜಾರುವ ಹಲ್ಲಿನಲ್ಲಿ ಅದೇ ಟಾರ್ಕ್‌ಗೆ ಬೋಲ್ಟ್ ಮಿತಿಮೀರಿ ಎಳೆಯಲ್ಪಟ್ಟು ತುಂಡಾಗುತ್ತದೆ.

ಉಪ್ಪುಗಾಳಿಗೆ ಬಾಳುವ ರಿಮ್

ಡೈಮಂಡ್ ಕಟ್ ರಿಮ್ ಶೋರೂಮಿನಲ್ಲಿ ಹೊಳೆಯುತ್ತದೆ. ಆ ಹೊಳೆಯುವ ಮುಖದ ಮೇಲೆ ಇರುವುದು ಪಾರದರ್ಶಕ ವಾರ್ನಿಷ್ ಒಂದೇ. ಜಲ್ಲಿಕಲ್ಲಿನ ಒಂದು ಏಟಿಗೆ ಅದು ಸೀಳಿದರೆ ಉಪ್ಪಿನ ತೇವ ಒಳಗೆ ನುಗ್ಗಿ, ಗೆದ್ದಲು ಹಾದಿ ಹಿಡಿದಂತೆ ಬಿಳಿ ಗೆರೆಗಳು ಹಬ್ಬುತ್ತವೆ. ಮತ್ತೆ ಕೆತ್ತಿಸಿದರೆ ಪ್ರತಿ ಸಲ ಲೋಹ ತೆಳುವಾಗುತ್ತದೆ. ಕೋಡಿಬಾಗ, ಮಾಜಾಳಿ, ಗೋಕರ್ಣದಂಥ ಕಡಲಬದಿಯವರು ಪೂರ್ತಿ ಪೌಡರ್ ಕೋಟ್ ಆದ ಬೂದು ಅಥವಾ ಕಪ್ಪು ರಿಮ್ ಕೊಳ್ಳಿ. ಕ್ರೋಮ್ ಅಂತೂ ಬೇಡವೇ ಬೇಡ.

ರಿಮ್‌ನ ಬೆನ್ನಿನಲ್ಲಿ ಜಪಾನಿನ ಗುಣಮಟ್ಟದ ಜೆಡಬ್ಲ್ಯುಎಲ್, ವಿಐಎ ಗುರುತು ಅಥವಾ ಐಎಸ್‌ಐ ಗುರುತು, ಜೊತೆಗೆ ಹೊರುವ ಭಾರ ಕೆ.ಜಿ.ಯಲ್ಲಿ ಎರಕದಲ್ಲೇ ಇರಬೇಕು. ಸ್ಟಿಕ್ಕರ್ ಇದ್ದರೆ ಸಾಲದು. ದೊಡ್ಡ ಬ್ರ್ಯಾಂಡಿನ ಹೆಸರಿನ ನಕಲು ರಿಮ್‌ಗಳು ಹೊಂಡಕ್ಕೆ ಬಾಗುವ ಬದಲು ಒಡೆಯುತ್ತವೆ. ಬಾಗಿದ ರಿಮ್‌ನಲ್ಲಿ ಮನೆ ಸೇರಬಹುದು, ಒಡೆದದ್ದರಲ್ಲಿ ಆಗದು. ಫ್ಲೋ ಫಾರ್ಮ್ಡ್ ರಿಮ್‌ನ ಪೀಪಾಯಿಯನ್ನು ಉರುಳೆಯಡಿ ಎಳೆದು ಬಲಪಡಿಸಿರುತ್ತಾರೆ. 17×7.5ರ ಸಾದಾ ಎರಕದ ರಿಮ್ 10–11 ಕೆ.ಜಿ. ತೂಗಿದರೆ ಇದು ಎಂಟರ ಆಸುಪಾಸು. ಬೆಲೆ ಹೆಚ್ಚಾದರೂ ಘಟ್ಟದ ರಸ್ತೆಗೆ ಈ ದುಡ್ಡು ಸಾರ್ಥಕ: ಹಗುರ ಗಾಲಿ ಹೊಂಡದ ನಂತರ ಬೇಗ ನೆಲ ಹಿಡಿಯುತ್ತದೆ.

ತೊಳೆಯುವಾಗ ರಿಮ್‌ನ ಬೆನ್ನಿಗೂ ಬರಿ ನೀರು ಹೊಡೆಯಿರಿ. ಸರ್ವಿಸ್ ಸ್ಟೇಷನ್‌ನಲ್ಲಿ ಆ್ಯಸಿಡ್ ಹಾಕುತ್ತೇವೆಂದರೆ ಬೇಡ ಅನ್ನಿ. ವಾರಕ್ಕೆ ಮೂರ್ನಾಲ್ಕು ಪಿಎಸ್‌ಐ ಇಳಿಯುತ್ತಿದ್ದು ಪಂಚರ್ ಸಿಗದಿದ್ದರೆ, ಟೈರಿನ ಅಂಚು ಕೂರುವ ಜಾಗದಲ್ಲಿ ಬಿಳಿ ತುಕ್ಕು ಎದ್ದಿರುವ ಸಾಧ್ಯತೆ ಹೆಚ್ಚು. ಟೈರ್ ಬಿಚ್ಚಿಸಿ, ಆ ಸುತ್ತನ್ನು ನುಣ್ಣಗೆ ಉಜ್ಜಿಸಿ, ಬೀಡ್ ಸೀಲರ್ ಹಚ್ಚಿ ಕೂರಿಸಿ. ಮೋಟು ಗೋಡೆಯ ಟೈರನ್ನು ಸಲಾಕೆ ಹಾಕಿ ಮೀಟಿ ತೆಗೆಯಲು ಬಿಡಬೇಡಿ, ಪ್ಲಾಸ್ಟಿಕ್ ತಲೆಯ ಯಂತ್ರ ಇರುವ ಕಡೆಗೇ ಹೋಗಿ.

ಹಾಕಿದ ದಿನ

ಜಾಕ್ ಮೇಲಿರುವಾಗ ನಕ್ಷತ್ರದ ಕ್ರಮದಲ್ಲಿ, ಎದುರುಬದುರಾಗಿ, ಕೈಬಿಗಿ ಮಾಡಿ. ಗಾಲಿ ನೆಲಕ್ಕೆ ತಾಗಿದ ಮೇಲೆ ಟಾರ್ಕ್ ಪಾನಾ ಹಿಡಿದು ಬಿಗಿಯಿರಿ. ವರ್ಟಸ್, ಸ್ಲಾವಿಯಾಕ್ಕೆ 120 ನ್ಯೂಟನ್ ಮೀಟರ್, ಐ20ಗೆ 107ರಿಂದ 127. ಕಾರವಾರದಿಂದ ಅಂಕೋಲೆಗೆ ಹೋಗಿ ಬಂದಷ್ಟು, 60–70 ಕಿ.ಮೀ. ಓಡಿದ ಮೇಲೆ ತಣ್ಣಗಾದಾಗ ಮತ್ತೊಮ್ಮೆ ಪಾನಾ ಹಿಡಿಯಿರಿ. ಇದನ್ನು ತಪ್ಪಿಸಬೇಡಿ.

ಉಜ್ಜುತ್ತದೆಯೇ ಎಂದು ಖಾಲಿ ಗಾಡಿಯಲ್ಲಿ ನೋಡಿದರೆ ಏನೂ ತಿಳಿಯದು. ಹಿಂದೆ ಮೂವರನ್ನು ಕೂರಿಸಿ, ಡಿಕ್ಕಿಗೆ ಎರಡು ಚೀಲ ಅಕ್ಕಿ ಹಾಕಿ. ಲೈನರ್‌ನ ಒಳಗೆ, ಸ್ಟ್ರಟ್‌ನ ಮೇಲೆ ಚಾಕ್‌ಪೀಸ್ ಬಳಿಯಿರಿ. ಸ್ಟೇರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಮುಂದೆ ಹಿಂದೆ ಓಡಿಸಿ. ದಣಪೆ ದಾಟಿ ಅಂಗಳಕ್ಕೆ ಏರುವ ಕಡಿದಾದ ಜಾಗದಲ್ಲಿ ಓರೆಯಾಗಿ ಹತ್ತಿಸಿ, ಆಗ ಒಂದು ಗಾಲಿ ಪೂರ್ತಿ ಒಳಗೆ ಒತ್ತಲ್ಪಡುತ್ತದೆ. ಚಾಕ್ ಅಳಿಸಿದ ಕಡೆ ಟೈರ್ ತಾಗಿದೆ. ಲೈನರ್‌ಗೆ ಒಮ್ಮೊಮ್ಮೆ ಸವರಿದರೆ ಅದರ ಕ್ಲಿಪ್ ಹಿಂದೆ ಸರಿಸಿ ಸರಿಪಡಿಸಬಹುದು. ಸ್ಟ್ರಟ್‌ಗೋ ಬ್ರೇಕ್ ಪೈಪ್‌ಗೋ ತಾಗಿದರೆ ಆ ರಿಮ್ ಈ ಗಾಡಿಗಲ್ಲ.

ಅದೇ ದಿನ ಅಲೈನ್‌ಮೆಂಟ್ ಮಾಡಿಸಿ. ಅಸಿಮೆಟ್ರಿಕ್ ಟೈರ್ ಆದರೆ 'ಔಟ್‌ಸೈಡ್' ಅನ್ನುವ ಬರಹ ನಾಲ್ಕೂ ಕಡೆ ಹೊರಗೆ ಕಾಣುತ್ತಿದೆಯೇ ನೋಡಿ. ಗಾಳಿಯ ಎಚ್ಚರಿಕೆ ವ್ಯವಸ್ಥೆ ಇದ್ದರೆ ಹೊಸ ಒತ್ತಡಕ್ಕೆ ರೀಸೆಟ್ ಮಾಡಿ. ವಾಲ್ವ್‌ನಲ್ಲೇ ಸೆನ್ಸರ್ ಇರುವ ಗಾಡಿಯಾದರೆ ಅವನ್ನು ಹಳೆ ರಿಮ್‌ನಿಂದ ಬಿಚ್ಚಿ ಹೊಸದಕ್ಕೆ ಹಾಕಿಸಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. ಆದ್ದರಿಂದ ಕಂಪನಿ ಕೈಪಿಡಿ ಒಪ್ಪುವ ಅಳತೆ ಸಿಕ್ಕರೆ ಅದಕ್ಕೇ ಮೊದಲ ಆದ್ಯತೆ ಕೊಡಿ. ಅಲಾಯ್ ಹಾಕಿಸಿದ್ದನ್ನು ಬಿಲ್ ಸಮೇತ ವಿಮೆಯವರಿಗೆ ಬರೆದು ತಿಳಿಸಿ.

ಇನ್ನು ಸ್ಟೆಪ್ನಿ. ಹೊಸ ಅಲಾಯ್‌ನ ಲಾಳಿಕೆ ಬೋಲ್ಟ್ ಸ್ಟೆಪ್ನಿಯ ಮೂಲ ರಿಮ್‌ಗೆ ಕೂರುವುದಿಲ್ಲ. ಹಳೆಯ ದುಂಡು ಬೋಲ್ಟ್ ಐದನ್ನು ಬಟ್ಟೆಯಲ್ಲಿ ಸುತ್ತಿ ಸ್ಟೆಪ್ನಿಯ ನಡುವೆಯೇ ಇಟ್ಟುಬಿಡಿ. ಹೊಸ ಬೋಲ್ಟ್‌ಗೆ ಬೇರೆ ಅಳತೆಯ ಸಾಕೆಟ್ ಬೇಕಾದರೆ ಅದೂ ಅಲ್ಲೇ ಇರಲಿ. ಯಾಣದ ಕಡೆಗೋ ಅಣಶಿ ಘಟ್ಟದಲ್ಲೋ ರಾತ್ರಿ ಮಳೆಯಲ್ಲಿ ಪಂಚರ್ ಆದಾಗ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಆ ಐದು ಬೋಲ್ಟ್ ಕೈಗೆ ಸಿಗಬೇಕು.